ಮೊದಲು ಗಾಡಿಯ ಹೊಟ್ಟೆ ನೋಡಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ಒಂದು ಕಥೆ ಬರೆದಿದ್ದೆ. ಪಿಟ್ಸ್‌ಬರ್ಗ್‌ನಲ್ಲಿರುವ ಮಗಳ ಮನೆಗೆ ಹೋದಾಗ, ಊಟದ ಟೇಬಲ್ಲನ್ನೇ ವರ್ಕ್‌ಶಾಪ್ ಮಾಡಿಕೊಂಡು ಗೇಣುದ್ದ ಕೂಡ ಇಲ್ಲದ, ಎಚ್‌ಒ ಅಳತೆಯ (ನಿಜವಾದದ್ದರ 87ರಲ್ಲಿ ಒಂದು ಪಾಲು) ಮಾಡೆಲ್ ಗೂಡ್ಸ್ ವ್ಯಾಗನ್ ಕಿಟ್‌ಗಳನ್ನು ಜೋಡಿಸಿದ ಕಥೆ. ಅದಕ್ಕೆ ಇಷ್ಟು ಕಾಗದ ಬರುತ್ತವೆ ಅಂತ ನನಗೂ ಗೊತ್ತಿರಲಿಲ್ಲ, ಸಂಪಾದಕರಿಗೂ ಗೊತ್ತಿರಲಿಲ್ಲ.

ಹೊಸ ಓದುಗರಿಗೆ ಒಂದು ಮಾತು. ನಾನು ಹುಬ್ಬಳ್ಳಿಯಲ್ಲಿ 31 ವರ್ಷ ಟ್ರೇನ್ ಎಕ್ಸಾಮಿನರ್ ಆಗಿದ್ದವನು. ರೈಲ್ವೆಯವರು ಟಿಎಕ್ಸ್‌ಆರ್ ಅಂತಾರೆ. ಗಾಡಿ ನಿಂತ ಕೂಡಲೇ ಟಾರ್ಚು, ಸುತ್ತಿಗೆ ಹಿಡಿದು ಕೆಳಗೆ ಬಗ್ಗಿ ನೋಡುವವರು ಇರುತ್ತಾರಲ್ಲ, ಅವರಲ್ಲೊಬ್ಬ. ಹಾಗಾಗಿ ನನ್ನ ಉತ್ತರಗಳೆಲ್ಲ ಗಾಡಿಯ ಕೆಳಗಿನಿಂದಲೇ ಶುರುವಾಗುತ್ತವೆ. ತಪ್ಪು ತಿಳಿಯಬೇಡಿ.

ಅಮೆರಿಕದ ಓಹಾಯೊದಿಂದ ಒಬ್ಬ ತಾಯಿ: ನನ್ನ 12 ವರ್ಷದ ಮಗನಿಗೆ ರೈಲು ಅಂದರೆ ಪ್ರಾಣ. ಹುಟ್ಟುಹಬ್ಬಕ್ಕೆ ಮೂರು ಎಚ್‌ಒ ಕಿಟ್ ಬಂದಿವೆ. ಒಂದು 40 ಅಡಿಯ ಬಾಕ್ಸ್‌ಕಾರ್, ಒಂದು ಟ್ಯಾಂಕ್ ಕಾರ್, ಇನ್ನೊಂದು ರೆಸಿನ್ ಕಿಟ್. ರೆಸಿನ್‌ದೇ ಎಲ್ಲಕ್ಕಿಂತ ಚೆನ್ನಾಗಿದೆ, ಅದನ್ನೇ ಮೊದಲು ಮಾಡ್ತೀನಿ ಅಂತಾನೆ. ನನಗೆ ಇದರ ಗಂಧಗಾಳಿ ಇಲ್ಲ. ಯಾವುದರಿಂದ ಶುರು ಮಾಡಿಸಲಿ?

ಬಾಕ್ಸ್‌ಕಾರ್, ತಾಯಿ. ಎರಡನೇ ಮಾತೇ ಇಲ್ಲ. ರೆಸಿನ್ ಕಿಟ್ಟನ್ನು ಅವನ ಕೈಗೆ ಸಿಗದ ಹಾಗೆ ಬೀರುವಿನ ಮೇಲಿಡಿ. ಹುಡುಗ ಮುನಿಸಿಕೊಂಡರೆ ಹುಬ್ಬಳ್ಳಿ ಅಜ್ಜ ಹೇಳಿದ್ದಾರೆ ಅನ್ನಿ.

ರೆಸಿನ್ ಕಿಟ್ ಅಂದರೆ ಅಚ್ಚಿನಲ್ಲಿ ಹೊಯ್ದ ಬಿಡಿ ಗೋಡೆಗಳು. ಅಂಚಿನಲ್ಲಿ ಹಪ್ಪಳದಂಥ ತೆಳು ಪದರ ಉಳಿದಿರುತ್ತದೆ, ಉಜ್ಜಿ ತೆಗೆಯಬೇಕು. ಅಚ್ಚಿನ ಜಿಡ್ಡು ಹೋಗಲು ಸೋಪಿನ ನೀರಲ್ಲಿ ತೊಳೆಯಬೇಕು. ಗೋಡೆಗಳನ್ನು ಮೂಲೆಮಟ್ಟ ಹಿಡಿದು ಕೂಡಿಸಬೇಕು. ಕೈಹಿಡಿಗಳಿಗೆ ಒಂದೊಂದೇ ತೂತು ಕೊರೆದು ಕೂದಲಿನಂಥ ತಂತಿ ಸಿಕ್ಕಿಸಬೇಕು. ಆಮೇಲೆ ಬಣ್ಣ, ಅದರ ಮೇಲೆ ಅಕ್ಷರ. ಹತ್ತು ವ್ಯಾಗನ್ ಕಟ್ಟಿದವರೂ ಗೊಣಗುತ್ತಾ ಮಾಡುವ ಕೆಲಸ. ಟ್ಯಾಂಕ್ ಕಾರ್ ಅಷ್ಟು ಕಷ್ಟವಲ್ಲ. ಆದರೆ ಅದರ ಸುತ್ತಲಿನ ಕಂಬಿ, ಏಣಿ ಎಲ್ಲ ಮುಟ್ಟಿದರೆ ಪಟ್ ಅನ್ನುತ್ತವೆ. ಅದು ಎರಡನೆಯದಾಗಲಿ.

ಬಾಕ್ಸ್‌ಕಾರ್‌ನಲ್ಲಿ ಬಣ್ಣ, ಅಕ್ಷರ ಎಲ್ಲ ಕಾರ್ಖಾನೆಯಲ್ಲೇ ಮುಗಿದಿರುತ್ತದೆ. ಉಳಿದಿದ್ದು ತಳ, ತೂಕದ ಉಕ್ಕಿನ ಪಟ್ಟಿ, ಬ್ರೇಕಿನ ಸಾಮಾನು, ಎರಡು ಟ್ರಕ್ (ಗಾಲಿಗಳ ಚೌಕಟ್ಟು), ಎರಡು ಕಪ್ಲರ್ (ವ್ಯಾಗನ್‌ಗಳನ್ನು ಕೂಡಿಸುವ ಕೊಂಡಿ). ಅಕ್ಯುರೇಲ್, ಬೌಸರ್ ಇವರ ಕಿಟ್‌ಗಳು ಈ ಜಾತಿಯವು. ಹಿಂದೆ ಏಥರ್ನ್‌ನವರ ನೀಲಿ ಡಬ್ಬಿ ಕಿಟ್ ಬರುತ್ತಿದ್ದವು. ಈಗ ಮಾಡುವುದಿಲ್ಲ, ಆದರೆ ಅಲ್ಲಿನ ರೈಲು ಮೇಳಗಳಲ್ಲಿ ಹಳೆ ಡಬ್ಬಿಗಳು ಇನ್ನೂ ಸಿಗುತ್ತವೆ. ಡಬ್ಬಿ ಅಲುಗಾಡಿಸಿದರೆ ಸಾಕು, ಒಳಗೇ ವ್ಯಾಗನ್ ತಯಾರಾಗುತ್ತೆ ಅಂತ ಅವನ್ನು ತಮಾಷೆ ಮಾಡುತ್ತಿದ್ದರಂತೆ. ಸುಮ್ನೆ ಮಾತು. ನನ್ನ ಮೊದಲನೆಯದಕ್ಕೆ ಮೂರು ಸಂಜೆ ಹಿಡಿಯಿತು.

ಇಲ್ಲೊಂದು ಹೆಸರಿನ ಗೊಂದಲ ಇದೆ. ಹಾಬಿ ಅಂಗಡಿಯಲ್ಲಿ ನಾನು 'ಬಾಕ್ಸ್ ವ್ಯಾಗನ್' ಕೊಡಿ ಅಂದೆ. ನಮ್ಮ ರೈಲ್ವೆಯಲ್ಲಿ ಬಾಕ್ಸ್ ಅಂದರೆ ಮೇಲೆ ತೆರೆದಿರುವ, ಕಲ್ಲಿದ್ದಲು, ಅದಿರು ತುಂಬುವ ವ್ಯಾಗನ್. ಹೊಸಪೇಟೆ ಅದಿರು ತುಂಬಿಕೊಂಡು ಮರ್ಮಗೋವಾಕ್ಕೆ ಹೋಗುವವು ನನ್ನ ಕಣ್ಣ ಮುಂದೆ ಎಷ್ಟು ಸಾವಿರ ದಾಟಿವೆಯೋ. ಅಂಗಡಿಯವ ಕೈಗೆ ಕೊಟ್ಟಿದ್ದು ಮುಚ್ಚಿದ ಡಬ್ಬಿ, ನಮ್ಮ ಬಿಸಿಎನ್ ಥರದ್ದು. ತೆರೆದಿದ್ದಕ್ಕೆ ಅವರು ಗೊಂಡೊಲಾ ಅಂತಾರೆ. ಇನ್ನು ಕೆಳಗಿನ ನಾಲ್ಕು ಗಾಲಿಯ ಚೌಕಟ್ಟಿಗೆ ನಾವು ಬೋಗಿ ಅಂದರೆ ಅವರು ಟ್ರಕ್ ಅಂತಾರೆ. ಪ್ಲಾಟ್‌ಫಾರಂ ಮೇಲೆ ನಿಂತ ಜನರಿಗೆ ಬೋಗಿ ಅಂದರೆ ಇಡೀ ಡಬ್ಬಿ! ನಾನು ಬೋಗಿ ಅಂತಲೇ ಬರೆಯುತ್ತೇನೆ. 31 ವರ್ಷದ ಅಭ್ಯಾಸ.

ಮಗನಿಗೆ ಎರಡು ಮಾತು ಹೇಳಿ. ಒಂದು, ಕೆಲಸಕ್ಕೆ ಕೂರುವಾಗ ಅಂಚಿರುವ ದೊಡ್ಡ ತಟ್ಟೆಯೊಳಗೆ ಡಬ್ಬಿ ಬಿಚ್ಚಲಿ. ನಾನು ಮಗಳ ಹಿಟ್ಟು ಕಲಸುವ ಪರಾತ ತಗೊಂಡಿದ್ದೆ. ಕೆಲವು ಕಪ್ಲರ್‌ಗಳಲ್ಲಿ ಇರುವೆ ಗಾತ್ರದ ಸ್ಪ್ರಿಂಗ್ ಇರುತ್ತದೆ. ಚಿಮ್ಮಿದರೆ ಕಾರ್ಪೆಟ್ಟಿನ ಪಾಲು. ಎರಡು, ಸಣ್ಣ ಭಾಗಗಳು ಪ್ಲಾಸ್ಟಿಕ್ ಕಡ್ಡಿಗೆ ಗೊಂಚಲಿನ ಹಾಗೆ ಅಂಟಿಕೊಂಡಿರುತ್ತವೆ. ತಿರುಚಿ ಕೀಳಬಾರದು. ಚಪ್ಪಟೆ ಬಾಯಿಯ ನಿಪ್ಪರ್‌ನಿಂದ ಸ್ವಲ್ಪ ದೂರದಲ್ಲಿ ಕತ್ತರಿಸಿ, ಉಳಿದ ಮೊಳಕೆಯನ್ನು ಸಣ್ಣ ಅರದಿಂದ ಉಜ್ಜಬೇಕು. ಹುಡುಗರಿಗೆ ಬ್ಲೇಡು ಕೊಡುವುದಕ್ಕಿಂತ ನಿಪ್ಪರ್ ವಾಸಿ.

ಧಾರವಾಡದಿಂದ ಒಬ್ಬ ಕಾಲೇಜು ಹುಡುಗ: ಕಾಕಾ, ದುಬೈನಿಂದ ಅಣ್ಣ ಒಂದು ವ್ಯಾಗನ್ ಕಿಟ್ ತಂದುಕೊಟ್ಟ ಅಂತ ಖುಷಿಯಿಂದ ಕೂತೆ. ಅಂಗಡಿಯಲ್ಲಿ ಸಿಗುವ, ಕ್ಷಣದಲ್ಲಿ ಅಂಟುವ ಗಮ್ ಹಾಕಿದೆ. ಮರುದಿನ ನೋಡಿದರೆ ಗೋಡೆ ತುಂಬ ಬಿಳಿ ಬೂದಿ ಬಳಿದಂಗೆ ಆಗಿದೆ. ಹಾಳಾಯಿತಾ?

ಹಾಳಾಗಿಲ್ಲ, ತಮ್ಮಾ. ಆ ಗಮ್ಮಿನ ಆವಿ ಹೊರಗೆ ಹೋಗಲು ದಾರಿ ಇಲ್ಲದೆ ಗೋಡೆಗೇ ಕೂತಿದೆ. ಮುಚ್ಚಿದ ಡಬ್ಬಿಯೊಳಗೆ ಜಾಸ್ತಿ ಗಮ್ ಹಾಕಿದರೆ ಹೀಗಾಗುತ್ತೆ. ಕೊನೆಗೆ ಮೇಲೆ ಮ್ಯಾಟ್ ವಾರ್ನಿಶ್ ಸಿಂಪಡಿಸಿದರೆ ಬಹುಮಟ್ಟಿಗೆ ಅಡಗುತ್ತದೆ.

ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಕೂಡಿಸಲು ಆ ಗಮ್ ಬೇಡವೇ ಬೇಡ. ಸ್ಟೈರೀನ್ ಪ್ಲಾಸ್ಟಿಕ್ಕಿಗೆ ಅಂತಲೇ ನೀರಿನಂಥ ಸಿಮೆಂಟ್ ಬರುತ್ತದೆ. ತಮಿಯಾದ ಹಸಿರು ಮುಚ್ಚಳದ ಸಣ್ಣ ಬಾಟಲಿ ನಾನು ಬಳಸಿದ್ದು. ಅದು ಅಂಟಿಸುವುದಲ್ಲ, ಎರಡೂ ಅಂಚನ್ನು ಕರಗಿಸಿ ಒಂದು ಮಾಡುತ್ತದೆ. ಒಂಥರಾ ವೆಲ್ಡಿಂಗ್. ಭಾಗಗಳನ್ನು ಮೊದಲು ಒಣಗಿದ್ದಾಗಲೇ ಕೂಡಿಸಿ ನೋಡು. ಹಿಡಿದುಕೊಂಡೇ ಬ್ರಷ್ಷಿನ ತುದಿಯನ್ನು ಸಂದಿಗೆ ಮುಟ್ಟಿಸು. ಸಿಮೆಂಟ್ ತಾನೇ ಸಂದಿಯುದ್ದ ಹರಿದು ಹೋಗುತ್ತದೆ. ಕಿಟಕಿ ತೆಗೆದಿಟ್ಟುಕೋ, ವಾಸನೆ ತಲೆಗೇರುತ್ತೆ.

ಎಚ್ಚರ ಇರಬೇಕಾದ್ದು ಬೆರಳಿನ ಬಗ್ಗೆ. ಸಂದಿಯ ಮೇಲೆ ಬೆರಳಿಟ್ಟಿದ್ದರೆ ಸಿಮೆಂಟ್ ಬೆರಳಡಿಗೂ ಹರಿಯುತ್ತದೆ, ಪ್ಲಾಸ್ಟಿಕ್ ಮೆತ್ತಗಾಗಿ ನಿನ್ನ ಗುರುತು ಅಲ್ಲೇ ಅಚ್ಚಾಗುತ್ತದೆ. ನನ್ನ ಎರಡನೇ ವ್ಯಾಗನ್ನಿನ ಮೂಲೆಯಲ್ಲಿ ಸುರುಳಿ ಸುರುಳಿ ಗೆರೆ ಸಮೇತ ಹೆಬ್ಬೆರಳು ಮೂಡಿದೆ. ಸರ್ವಿಸ್ಸಿನಲ್ಲಿ ಸಹಿ ಮಾಡಿ ಮಾಡಿ ಸಾಕಾಗಿತ್ತು, ನಿವೃತ್ತಿಯಾದ ಮೇಲೆ ಹೆಬ್ಬೆಟ್ಟು ಒತ್ತಿದೆ ನೋಡು.

ಉಕ್ಕಿನ ಪಟ್ಟಿಯನ್ನು ತಳಕ್ಕೆ ಕೂರಿಸಲು ಈ ಸಿಮೆಂಟ್ ನಡೆಯುವುದಿಲ್ಲ, ಲೋಹ ಕರಗುತ್ತದೆಯೇ? ಎರಡೂ ಕಡೆ ಅಂಟುವ ಟೇಪ್ ಸಾಕು. ಬೋಗಿಗಳಿಗೆ ಗಮ್ ಮುಟ್ಟಿಸಲೇಬೇಡ. ಅವನ್ನು ಬಹಳಷ್ಟು ಕಿಟ್‌ಗಳಲ್ಲಿ ಜಾರುವ ಬೇರೆ ಪ್ಲಾಸ್ಟಿಕ್ಕಿನಲ್ಲಿ ಮಾಡಿರುತ್ತಾರೆ, ಡೆಲ್ರಿನ್ ಅಂತ. ಅದಕ್ಕೆ ಏನೂ ಹಿಡಿಯುವುದಿಲ್ಲ. ಗಾಲಿ ಸಲೀಸಾಗಿ ಉರುಳುವುದೂ ಆ ಜಾರುಗುಣದಿಂದಲೇ.

ಮೈಸೂರಿನಿಂದ ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿ: ಅಮೆರಿಕದಿಂದ ವಾಪಸ್ ಬಂದ ತಮ್ಮ ತನ್ನ ಟ್ರ್ಯಾಕು, ಎಂಜಿನ್ನು ಎಲ್ಲ ನನಗೆ ಬಿಟ್ಟಿದ್ದಾನೆ. ನಾನೇ ಜೋಡಿಸಿದ ಬಾಕ್ಸ್‌ಕಾರ್ ನೇರ ಹಳಿಯಲ್ಲಿ ಓಡುತ್ತದೆ, ಹಳಿ ಕವಲೊಡೆಯುವ ಪಾಯಿಂಟ್ ಬಂದ ಕೂಡಲೇ ಕೆಳಗಿಳಿಯುತ್ತದೆ. ಮೂರು ಸಲ ಬಿಚ್ಚಿ ಕಟ್ಟಿದೆ. ತಾವು ಈ ವಿಷಯದಲ್ಲಿ ಪಳಗಿದವರು, ದಯವಿಟ್ಟು ತಿಳಿಸಿ.

ಸರ್, ಈ ಪ್ರಶ್ನೆ ಓದಿ ನನಗೆ ಸರ್ವಿಸ್ಸಿಗೆ ಮರಳಿದ ಹಾಗಾಯಿತು. ಗಾಡಿ ಹಳಿ ತಪ್ಪಿದ ಜಾಗಕ್ಕೆ ನಾವು ಟಿಎಕ್ಸ್‌ಆರ್‌ಗಳು ಹೋಗುತ್ತಿದ್ದೆವು, ಹಳಿ ನೋಡಿಕೊಳ್ಳುವ ಪಿಡಬ್ಲ್ಯುಐ ಕೂಡ ಬರುತ್ತಿದ್ದರು. ಜಂಟಿ ವರದಿ ಬರೆಯಬೇಕು. ನಾವು ಹಳಿ ಅಳೆಯುವುದು, ಅವರು ಗಾಲಿ ಅಳೆಯುವುದು. ತಪ್ಪು ಯಾವತ್ತೂ ಇನ್ನೊಬ್ಬರದೇ! ನಿಮ್ಮ ಮನೆಯಲ್ಲಿ ಎರಡೂ ನೀವೇ, ಜಗಳವಿಲ್ಲ.

ಮೊದಲು ತಪ್ಪು ಯಾರದು ಅಂತ ತಿಳಿಯಿರಿ. ತಮ್ಮನ ಬೇರೆ ವ್ಯಾಗನ್‌ಗಳನ್ನು ಅದೇ ಪಾಯಿಂಟಿನ ಮೇಲೆ ಬಿಡಿ. ಎಲ್ಲವೂ ಅಲ್ಲೇ ಬಿದ್ದರೆ ಹಳಿಯ ತಪ್ಪು. ನಿಮ್ಮದೊಂದೇ ಬಿದ್ದರೆ, ಅದೂ ಬೇರೆ ಬೇರೆ ಪಾಯಿಂಟಿನಲ್ಲಿ ಬಿದ್ದರೆ, ವ್ಯಾಗನ್ನಿನ ತಪ್ಪು. ನಿಮ್ಮ ಕಾಗದ ನೋಡಿದರೆ ಎರಡನೆಯದೇ ಅನಿಸುತ್ತದೆ.

ವ್ಯಾಗನ್ ಮಗುಚಿ ಹಾಕಿ, ಹೊಟ್ಟೆ ನೋಡಿ. ಎರಡು ಗಾಲಿಗಳ ನಡುವಿನ ಅಂತರ ಅಳೆಯಬೇಕು. ನಮ್ಮ ಬ್ರಾಡ್‌ಗೇಜ್‌ನಲ್ಲಿ ಗಾಲಿಯ ಒಳಮೈಯಿಂದ ಒಳಮೈಗೆ 1600 ಮಿಲಿಮೀಟರ್, ಒಂದೆರಡು ಮಿಲಿಮೀಟರ್ ಆಚೀಚೆಗೆ ಮಾತ್ರ ಮಾಫಿ. ಮಾಡೆಲ್ಲಿನಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಪಾಯಿಂಟಿನಲ್ಲಿ ಏಟು ಬೀಳುತ್ತದೆ. ಇದಕ್ಕೆ ಎನ್‌ಎಂಆರ್‌ಎ ಅಂತ, 1935ರಲ್ಲಿ ಶುರುವಾದ ಅಮೆರಿಕದ ಮಾಡೆಲ್ ರೈಲಿನವರ ಸಂಘ ಇದೆ, ಅವರದೊಂದು ತಗಡಿನ ಗೇಜ್ ಸಿಗುತ್ತದೆ. ಅದರ ಕಚ್ಚುಗಳಲ್ಲಿ ಗಾಲಿಯ ಎರಡೂ ಅಂಚು ಸರಿಯಾಗಿ ಕೂರಬೇಕು. ಕೂರದಿದ್ದರೆ ಗಾಲಿಯನ್ನು ಮೆಲ್ಲಗೆ ತಿರುಚುತ್ತಾ ಎಳೆಯಿರಿ ಅಥವಾ ಒತ್ತಿ. ತಮ್ಮನ ಸಾಮಾನಿನಲ್ಲಿ ಆ ಗೇಜ್ ಇದ್ದೇ ಇರುತ್ತದೆ, ಹುಡುಕಿ.

ಆಮೇಲೆ ಸ್ಕ್ರೂ. ನೀವು ಅಚ್ಚುಕಟ್ಟಿನವರು, ಎರಡೂ ಬೋಗಿಯ ಸ್ಕ್ರೂ ಗಟ್ಟಿಯಾಗಿ ಬಿಗಿದಿರುತ್ತೀರಿ, ಅಲ್ವಾ? ಅಲ್ಲೇ ಎಡವಟ್ಟು. ನಿಜವಾದ ವ್ಯಾಗನ್ನಿಗೆ ಸ್ಪ್ರಿಂಗ್ ಇದೆ, ಹಳಿ ಏರುಪೇರಾದರೆ ಅದು ತಗ್ಗುತ್ತದೆ. ನಿಮ್ಮ ಕಿಟ್ಟಿನ ಬೋಗಿಯಲ್ಲಿ ಸ್ಪ್ರಿಂಗ್ ಬರೀ ಚಿತ್ರ. ಒಂದು ಬೋಗಿಯ ಸ್ಕ್ರೂವನ್ನು ಎಡಬಲಕ್ಕೆ ತಿರುಗುವಷ್ಟು ಬಿಟ್ಟು, ಅಲುಗಾಡದ ಹಾಗೆ ಬಿಗಿಯಿರಿ. ಇನ್ನೊಂದನ್ನು ಅರ್ಧ ಸುತ್ತು ಸಡಿಲ ಮಾಡಿ, ಅದು ತಿರುಗುವುದರ ಜೊತೆಗೆ ಅತ್ತಿತ್ತ ವಾಲಬೇಕು. ಮೂರು ಕಾಲಿನ ಸ್ಟೂಲು ಎಂಥ ನೆಲದ ಮೇಲೂ ಕುಂಟುವುದಿಲ್ಲವಲ್ಲ, ಅದೇ ಲೆಕ್ಕ. ಕನ್ನಡಿಯ ಮೇಲಿಟ್ಟು ನೋಡಿ, ಎಂಟೂ ಗಾಲಿ ಗಾಜಿಗೆ ತಾಗಿರಬೇಕು.

ಮೂರು ಸಲ ಬಿಚ್ಚಿದ್ದೀರಿ ಅಂತೀರಿ. ಪ್ಲಾಸ್ಟಿಕ್ ತೂತಿಗೆ ಸ್ಕ್ರೂ ಮತ್ತೆ ಹಾಕುವಾಗ ಮೊದಲು ಹಿಂದಕ್ಕೆ ತಿರುಗಿಸಿ. ಕಟ್ ಅಂತ ಬೆರಳಿಗೆ ಗೊತ್ತಾಗುತ್ತದೆ. ಅಲ್ಲಿಂದ ಮುಂದಕ್ಕೆ ತಿರುಗಿಸಿದರೆ ಹಳೆಯ ಸುರುಳಿ ಗೆರೆಗೇ ಕೂರುತ್ತದೆ. ಇಲ್ಲದಿದ್ದರೆ ತೂತು ಅಗಲವಾಗಿ ಸ್ಕ್ರೂ ಹಿಡಿಯುವುದಿಲ್ಲ.

ಇನ್ನು ತೂಕ. ಅಡುಗೆಮನೆಯ ತಕ್ಕಡಿ ತನ್ನಿ. ಎಚ್‌ಒ ವ್ಯಾಗನ್ನಿಗೆ ಎನ್‌ಎಂಆರ್‌ಎ ಹೇಳುವ ಲೆಕ್ಕ ಒಂದು ಔನ್ಸ್, ಅದರ ಮೇಲೆ ಉದ್ದದ ಪ್ರತಿ ಇಂಚಿಗೆ ಅರ್ಧ ಔನ್ಸ್. ಗ್ರಾಂನಲ್ಲಿ 28, ಮತ್ತೆ ಇಂಚಿಗೆ 14. ನಿಮ್ಮ 40 ಅಡಿಯ ಬಾಕ್ಸ್‌ಕಾರ್ ಹೊರಗಿನಿಂದ ಸುಮಾರು 5.8 ಇಂಚು ಬರುತ್ತದೆ. ಅಲ್ಲಿಗೆ 110 ಗ್ರಾಂ ಆಯಿತು. ನನ್ನದು ಕಿಟ್ಟಿನ ಪಟ್ಟಿ ಹಾಕಿದ ಮೇಲೂ 88 ಇತ್ತು. ಅಮೆರಿಕದ ಐದು ಸೆಂಟಿನ ನಾಣ್ಯ ಸರಿಯಾಗಿ 5 ಗ್ರಾಂ. ನಾಲ್ಕು ನಾಣ್ಯ ತಗೊಂಡು, ಎರಡೆರಡಾಗಿ ಎರಡೂ ಬೋಗಿಯ ಮೇಲೆ ಬರುವ ಹಾಗೆ ಒಳಗೆ ಅಂಟಿಸಿದೆ. 108 ಬಂತು. ಬಿಟ್ಟೆ. ಮೊಮ್ಮಗಳು "ಅಜ್ಜ ವ್ಯಾಗನ್ ಒಳಗೆ ದುಡ್ಡು ಬಚ್ಚಿಟ್ಟಿದ್ದಾರೆ" ಅಂತ ಮನೆ ತುಂಬ ಸಾರಿದಳು. ನೀವು ನಮ್ಮ ರೂಪಾಯಿ ನಾಣ್ಯ ಹಾಕಿ, ಆದರೆ ಒಂದೊಂದು ವರ್ಷದ್ದು ಒಂದೊಂದು ತೂಕ ಇರುತ್ತದೆ, ತೂಗಿಯೇ ಹಾಕಿ. ತೂಕವನ್ನು ಒಂದೇ ಕಡೆ ಪೇರಿಸಬೇಡಿ.

ಇಷ್ಟಾದ ಮೇಲೂ ಬಿದ್ದರೆ ಕಪ್ಲರ್ ನೋಡಿ. ಅಮೆರಿಕದ ನಿಜವಾದ ಗಾಡಿಯಲ್ಲಿ ಕಪ್ಲರಿನ ನಡುಮಟ್ಟ ಹಳಿಯಿಂದ ಹೆಚ್ಚೆಂದರೆ 34.5 ಇಂಚು. ನಮ್ಮಲ್ಲಿ ಹೆಚ್ಚೆಂದರೆ 1105 ಮಿಲಿಮೀಟರ್, ಅಂದರೆ ನಮ್ಮದೇ ಎತ್ತರ. ಎಚ್‌ಒದಲ್ಲಿ ಅದು ಇಳಿದು ಹತ್ತು ಮಿಲಿಮೀಟರಿನ ಆಸುಪಾಸು ಆಗುತ್ತದೆ. ಕೇಡಿ ಕಂಪನಿಯ ಎತ್ತರದ ಗೇಜ್ ಹಳಿ ಮೇಲಿಟ್ಟು ವ್ಯಾಗನ್ ತಳ್ಳಿಕೊಂಡು ಹೋದರೆ ಎರಡೂ ಕಪ್ಲರ್ ಮುಖಾಮುಖಿ ಬರಬೇಕು. ತಗ್ಗಿದ್ದರೆ ಬೋಗಿಗೂ ತಳಕ್ಕೂ ನಡುವೆ ತೆಳ್ಳನೆ ವಾಷರ್ ಹಾಕಿ. ಕಪ್ಲರಿನ ಕೆಳಗೆ ಬ್ರೇಕಿನ ಹೋಸ್ ಥರ ಒಂದು ತಂತಿ ಇಳಿಬಿದ್ದಿರುತ್ತದೆ. ಅದು ಪಾಯಿಂಟಿಗೆ ತಗುಲಿದರೆ ಗಾಡಿ ಎಗರುತ್ತದೆ. ಇಕ್ಕಳದಿಂದ ಸ್ವಲ್ಪ ಮೇಲೆ ಬಾಗಿಸಿ.

ಗದಗದಿಂದ ಒಬ್ಬ ಶಿಕ್ಷಕರು: ಅಮೆರಿಕದ ವ್ಯಾಗನ್ ಕಟ್ಟಿಕೊಂಡು ನಮಗೇನಾಗಬೇಕು? ನಮ್ಮ ಬಾಕ್ಸ್‌ಎನ್ ವ್ಯಾಗನ್ ಕಟ್ಟಲು ಬರುವುದಿಲ್ಲವೇ?

ಬರುತ್ತದೆ ಮೇಷ್ಟ್ರೇ, ಮಾಡಿ. ಬಾಕ್ಸ್‌ಎನ್ ಅಂದರೆ ಮುಚ್ಚಳವಿಲ್ಲದ ಪೆಟ್ಟಿಗೆ, ಹೊರಗೆ ಉದ್ದಕ್ಕೆ ಪಕ್ಕೆಲುಬು. ಕಪ್ಲರ್ ಸೇರಿ 10.7 ಮೀಟರ್ ಉದ್ದ. ಎಚ್‌ಒ ಅಂದರೆ 87ರಲ್ಲಿ ಒಂದು ಪಾಲು, ಸುಮಾರು 12.3 ಸೆಂಟಿಮೀಟರ್ ಬರುತ್ತದೆ. ಪ್ಲಾಸ್ಟಿಕ್ ಹಾಳೆ ಕತ್ತರಿಸಿಯೇ ಮಾಡಬಹುದು.

ತೊಡಕು ಹಳಿಯದ್ದು. ಎಚ್‌ಒ ಹಳಿಯ ಅಗಲ 16.5 ಮಿಲಿಮೀಟರ್. ಅದು ಅಮೆರಿಕದ 1435 ಮಿಲಿಮೀಟರ್ ಗೇಜಿನ ಲೆಕ್ಕ. ನಮ್ಮ ಬ್ರಾಡ್‌ಗೇಜ್ 1676, ಅದಕ್ಕೆ 19 ಮಿಲಿಮೀಟರಿಗಿಂತ ಚೂರು ಜಾಸ್ತಿ ಬೇಕು. ಬಹಳ ಜನ 16.5ರ ಮೇಲೇ ಓಡಿಸಿ ಕಣ್ಣು ಮುಚ್ಚಿಕೊಳ್ಳುತ್ತಾರೆ. ಮುಂದಿನಿಂದ ನೋಡಿದರೆ ದಪ್ಪ ಮನುಷ್ಯ ಕಾಲು ಜೋಡಿಸಿ ನಿಂತ ಹಾಗೆ ಕಾಣುತ್ತದೆ. ಹಳೆಯ ಮೀಟರ್ ಗೇಜ್ ಆದರೆ 12 ಮಿಲಿಮೀಟರ್ ಹಳಿ ಸಿಗುತ್ತದೆ, ಲೆಕ್ಕ ಹತ್ತಿರ ಹತ್ತಿರ ಕೂರುತ್ತದೆ. ನನ್ನ ಕೇಳಿದರೆ ಮೊದಲು ಒಂದು ಅಮೆರಿಕದ ಕಿಟ್ ಕಟ್ಟಿ. ವ್ಯಾಗನ್ ಯಾಕೆ ಓಡುತ್ತದೆ, ಯಾಕೆ ಬೀಳುತ್ತದೆ ಅಂತ ಕೈಗೆ ಗೊತ್ತಾಗುತ್ತದೆ. ಆಮೇಲೆ ಪಕ್ಕೆಲುಬು ಎಣಿಸಿ.

ಬೆಂಗಳೂರಿನ ಮಲ್ಲೇಶ್ವರದಿಂದ ಒಬ್ಬರು: ಕಟ್ಟಿದ ವ್ಯಾಗನ್ ಓಡುತ್ತದೆ, ಆದರೆ ಪಳಪಳ ಹೊಳೆದು ಆಟಿಕೆ ಥರ ಕಾಣುತ್ತದೆ. ಏನು ಮಾಡಲಿ?

ಕೊಳೆ ಮಾಡಿ. ಮ್ಯಾಟ್ ವಾರ್ನಿಶ್ ಸಿಂಪಡಿಸಿ, ಚಿತ್ರಕಾರರ ಒಣ ಪೇಸ್ಟಲ್ ಚಾಕನ್ನು ಕೆರೆದ ಕಂದು ಪುಡಿಯನ್ನು ಮೆತ್ತನೆ ಬ್ರಷ್ಷಿನಿಂದ ಕೆಳಭಾಗಕ್ಕೆ ಹಚ್ಚಿ. ಮಗಳು ನನ್ನನ್ನು ಆಲ್ಟೂನಾದ ಹಾರ್ಸ್‌ಶೂ ಕರ್ವ್‌ಗೆ ಕರೆದುಕೊಂಡು ಹೋಗಿದ್ದಳು. 1854ರಲ್ಲಿ ತೆರೆದ ದಾರಿ, ಬೆಟ್ಟದ ಮೈಗೆ ಕುದುರೆ ಲಾಳದ ಹಾಗೆ ಸುತ್ತುತ್ತದೆ. ಜನ ಎಂಜಿನ್ನಿನ ಫೋಟೋ ಹೊಡೆಯುತ್ತಿದ್ದರು, ನಾನು ಗಾಲಿ ನೋಡುತ್ತಿದ್ದೆ. ಗಾಲಿಯ ಮುಖ ಕಂದು, ಹಳಿ ಮೇಲೆ ಉರುಳುವ ಅಂಚು ಮಾತ್ರ ಬೆಳ್ಳಿ. ನಮ್ಮಲ್ಲೂ ಹಾಗೇ. ನೀವೂ ಗಾಲಿಯ ಮುಖಕ್ಕೆ ಬಣ್ಣ ಹಚ್ಚಿ, ಉರುಳುವ ಅಂಚಿಗೂ ಎರಡು ಗಾಲಿ ಕೂಡಿಸುವ ಕಡ್ಡಿಯ ಮೊನೆಗೂ ಮುಟ್ಟಿಸಬೇಡಿ.

ಬೆಳಗಾವಿಯಿಂದ ಒಬ್ಬ ಗೃಹಿಣಿ: ನಿಮ್ಮ ಲೇಖನ ಓದಿ ನಮ್ಮ ಯಜಮಾನರು 64ನೇ ವಯಸ್ಸಿಗೆ ಆಟಿಕೆ ರೈಲು ಹಿಡಿದು ಕೂತಿದ್ದಾರೆ. ಊಟಕ್ಕೆ ಕರೆದರೂ ಏಳುವುದಿಲ್ಲ. ಇದಕ್ಕೆ ನೀವೇ ಹೊಣೆ.

ಹೊಣೆ ಹೊತ್ತೆ, ತಂಗಿ. ಸಿಮೆಂಟ್ ಹಚ್ಚಿದ ಮೇಲೆ ಅರ್ಧ ಗಂಟೆ ಮುಟ್ಟಬಾರದು ಅಂತ ನಾನು ಬರೆದಿದ್ದೇನೆ ಎಂದು ಹೇಳಿ. ಆ ಹೊತ್ತಿಗೆ ಸರಿಯಾಗಿ ಬಡಿಸಿ.

ಓಹಾಯೊದ ಅದೇ ತಾಯಿಯ ಕಾಗದದ ಕೆಳಗೆ, ಮಗನ ಕೈಬರಹದಲ್ಲಿ: ಅಜ್ಜಾ, ನೀವು ಹೋದ ಸಲ ಬ್ರೇಕ್ ಸಿಲಿಂಡರ್ ಉಲ್ಟಾ ಅಂಟಿಸಿದೆ ಅಂತ ಬರೆದಿದ್ದಿರಿ. ಆಮೇಲೆ ಸರಿ ಮಾಡಿದ್ರಾ?

ಇಲ್ಲ, ಪುಟ್ಟಾ. ಅದು ನನ್ನ ಮೊದಲನೇ ವ್ಯಾಗನ್. ಸಿಲಿಂಡರಿನ ರಾಡ್ ಲಿವರಿನ ಕಡೆ ನೋಡಬೇಕು, ಅದು ಗೋಡೆ ನೋಡುತ್ತಿದೆ. ರಾತ್ರಿ ಹನ್ನೊಂದಕ್ಕೆ ಗೊತ್ತಾಯಿತು. ಅಷ್ಟರಲ್ಲಿ ಸಿಮೆಂಟ್ ಕಚ್ಚಿಕೊಂಡಿತ್ತು. ಕೆಳಗಡೆ ಯಾರು ನೋಡ್ತಾರೆ ಬಿಡಿ ಅಪ್ಪ ಅಂದಳು ನಿನ್ನಮ್ಮನ ವಯಸ್ಸಿನ ನನ್ನ ಮಗಳು. ಜೀವನಪೂರ್ತಿ ಕೆಳಗಡೆ ನೋಡಿಯೇ ಸಂಬಳ ತಗೊಂಡವನಿಗೆ ಆ ಮಾತು! ಹಾಸ್ಟಲ್ಲು, ಫೀಸು, ಮದುವೆ ಎಲ್ಲ ಅದರಲ್ಲೇ ಆಗಿದ್ದು ಅನ್ನೋಣ ಅನ್ನಿಸಿತು, ಸುಮ್ಮನಾದೆ.

ರೈಲ್ವೆಯಲ್ಲಿ ಕೆಟ್ಟ ವ್ಯಾಗನ್ನಿಗೆ 'ಸಿಕ್' ಅಂತ ಗುರುತು ಹಾಕಿ ಬೇರೆ ಹಳಿಗೆ ನೂಕುತ್ತಾರೆ, ಅದಕ್ಕೆ ಸಿಕ್ ಲೈನ್ ಅಂತ ಹೆಸರು. ನಾನು ಸೀಮೆಸುಣ್ಣದಿಂದ ಅದರ ಗೋಡೆ ಮೇಲೆ ಸಣ್ಣದಾಗಿ ಸಿಕ್ ಅಂತ ಬರೆದೆ. ಮಗಳ ಮನೆ ಬೇಸ್‌ಮೆಂಟಿನಲ್ಲಿ, ವಾಷಿಂಗ್ ಮಷೀನ್ ಪಕ್ಕದ ಕೊನೆ ಹಳಿಯಲ್ಲಿ ಅದು ಈಗಲೂ ನಿಂತಿದೆ. ಮುಂದಿನ ಮೇ ತಿಂಗಳಿಗೆ ಟಿಕೆಟ್ ಆಗಿದೆ, ಹೋದ ಮೇಲೆ ನೋಡುತ್ತೇನೆ.